ರೋಲರ್ ಕೋಸ್ಟರ್ ನೋಡಿದ್ರೇ ಕೈಕಾಲು ನಡುಗುತ್ತೆ, ಮುಂದಿನ ತಿಂಗಳು ವಂಡರ್‌ಲಾ ಟ್ರಿಪ್. ಏನ್ ಮಾಡ್ಲಿ?

ಸಿರುಗುಪ್ಪ_ಸೋನಾ:
ಎಲ್ಲರಿಗೂ ನಮಸ್ಕಾರ. ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ ಲೆಕ್ಕ ಬರೆಯುವ ಕೆಲಸ ನನ್ನದು. ಕಟಿಂಗ್‌ನವರು, ಹೊಲಿಗೆಯವರು, ವಾಷಿಂಗ್‌ನವರು ಎಲ್ಲ ಸೇರಿ ಬಸ್ ಮಾಡಿಕೊಂಡು ಬಿಡದಿಯ ವಂಡರ್‌ಲಾಗೆ ಹೊರಟಿದ್ದಾರೆ. ರಾತ್ರಿ ಊಟ ಮುಗಿಸಿ ಬಸ್ ಹತ್ತಿದರೆ ಬೆಳಗ್ಗೆ ಗೇಟ್ ತೆಗೆಯುವ ಹೊತ್ತಿಗೆ ಅಲ್ಲಿರುತ್ತೇವೆ. ಅಕ್ಕನ ಮಗಳೂ ಬರ್ತಾಳೆ, ಪಿಯುಸಿ ಓದುವ ಹುಡುಗಿ. "ಚಿಕ್ಕಮ್ಮ, ಈ ಸಲ ರಿಕಾಯ್ಲ್‌ನಲ್ಲಿ ನೀನು ನನ್ನ ಪಕ್ಕದಲ್ಲೇ ಕೂರಬೇಕು" ಅಂತ ಈಗಲೇ ಮಾತು ತಗೊಂಡಿದ್ದಾಳೆ. ಅದು ಮುಂದಕ್ಕೆ ಹೋಗಿ ತಲೆಕೆಳಗಾಗಿ, ಆಮೇಲೆ ಅದೇ ಹಳಿ ಮೇಲೆ ಹಿಂದಕ್ಕೆ ಬಂದು ಮತ್ತೆ ತಲೆಕೆಳಗಾಗುವ ರೈಡ್.

ಎತ್ತರ ಅಂದ್ರೆ ನನಗೆ ಭಯ ಇಲ್ಲ. ಅಂಜನಾದ್ರಿಯ 575 ಮೆಟ್ಟಿಲು ಆರಾಮಾಗಿ ಹತ್ತಿ ಇಳೀತೀನಿ. ಸಾಣಾಪುರ ಕೆರೆಯಲ್ಲಿ ಹರಿಗೋಲನ್ನು ಗರಗರ ತಿರುಗಿಸಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ. ಆದರೆ ಕೋಸ್ಟರ್ ವಿಷಯಕ್ಕೆ ಬಂದರೆ ಎರಡು ತಡೆಯೋಕೆ ಆಗಲ್ಲ. ಒಂದು, ಕೆಳಗೆ ಬೀಳುವಾಗ ಹೊಟ್ಟೆ ಬಾಯಿಗೆ ಬರುತ್ತಲ್ಲ, ಅದು. ಇನ್ನೊಂದು, ಸೀಟಿನ ಬಾರ್ ಲಾಕ್ ಆದಮೇಲೆ "ನಿಲ್ಸಿ, ನಾನು ಇಳೀತೀನಿ" ಅಂದ್ರೆ ಯಾರೂ ಕೇಳಲ್ಲ. ಹಾಗಾಗಿ ಎಲ್ಲೇ ಹೋದರೂ ಎಲ್ಲರ ಬ್ಯಾಗು, ಮೊಬೈಲು, ಚಪ್ಪಲಿ ಕಾಯುವ ಕೆಲಸ ನನಗೇ ಗ್ಯಾರಂಟಿ. ಈ ಭಯ ನಿಜವಾಗಿಯೂ ಹೋಗುತ್ತಾ? ಹೋಗಿಸಿಕೊಂಡವರು ಯಾರಾದ್ರೂ ಇದ್ದೀರಾ?

ಕೌಲ್‌ಬಜಾರ್_ಕಿಂಗ್:
ಅಕ್ಕ, ಇಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೋತೀರಾ? ಕಣ್ಣು ಮುಚ್ಚಿ ಕೂತುಬಿಡಿ. ಎರಡು ನಿಮಿಷದಲ್ಲಿ ಮುಗಿದುಹೋಗುತ್ತೆ. ನೇರ ದೊಡ್ಡದಕ್ಕೇ ಹತ್ತಿ, ಉಳಿದವೆಲ್ಲ ಆಮೇಲೆ ಸಪ್ಪೆ ಅನ್ಸುತ್ತೆ.

ತುಂಗಭದ್ರೆ_ದಡ:
ಕಿಂಗ್ ತಮ್ಮ, ನೀನು ಹೇಳಿದ ಎರಡೂ ಸರಿಯಿಲ್ಲ ಕಣಪ್ಪ.

ಸೋನಾ ಅವರೇ, ಕಣ್ಣು ಮಾತ್ರ ಮುಚ್ಚಬೇಡಿ. ಮುಚ್ಚಿದರೆ ಮುಂದೆ ಎಡಕ್ಕೋ ಬಲಕ್ಕೋ ಗೊತ್ತಾಗಲ್ಲ. ಗೊತ್ತಾಗದಿದ್ದರೆ ಕುತ್ತಿಗೆ ತಯಾರಾಗಿರಲ್ಲ, ತಿರುವು ಬಂದಾಗ ತಲೆ ಹೋಗಿ ಪ್ಯಾಡಿಗೆ ಬಡಿಯುತ್ತೆ. ಒಳಕಿವಿ "ತಿರುಗ್ತಿದ್ದೀನಿ" ಅನ್ನುತ್ತೆ, ಕಣ್ಣಿಗೆ ಏನೂ ಕಾಣಲ್ಲ, ಕೆಲವರಿಗೆ ಆಗ ವಾಂತಿ ಬಂದ ಹಾಗೆ ಆಗುತ್ತೆ. ಹಳಿ ಮುಂದೆ ಎಲ್ಲಿಗೆ ಹೋಗ್ತಿದೆಯೋ ಅಲ್ಲೇ ನೋಡ್ತಾ ಇರಿ. ತಲೆಯನ್ನು ಹಿಂದಿನ ದಿಂಬಿಗೆ ಒರಗಿಸಿ ಇಡಿ, ಗದ್ದ ಸ್ವಲ್ಪ ಮೇಲಿರಲಿ.

ಹೊಟ್ಟೆ ವಿಷಯಕ್ಕೆ ಬರೋಣ. ಪಂಚಮಿ ಹಬ್ಬಕ್ಕೆ ಜೋಕಾಲಿ ಆಡಿದ್ದೀರಲ್ಲ? ನಿಂತು ಜೀಕಿ ಜೀಕಿ ಮೇಲೆ ಹೋಗಿ, ತಿರುಗಿ ಕೆಳಗೆ ಬರುವ ಆ ಕ್ಷಣದಲ್ಲಿ ಹೊಟ್ಟೆ ಜುಮ್ ಅನ್ನುತ್ತಲ್ಲ, ಕೋಸ್ಟರ್‌ನಲ್ಲೂ ಆಗೋದು ಅದೇ. ಸೀಟು ನಿಮ್ಮ ಜೊತೆಗೇ ಕೆಳಗೆ ಬೀಳ್ತಿರುತ್ತೆ, ಹಾಗಾಗಿ ಅದು ನಿಮ್ಮನ್ನು ಮೇಲಕ್ಕೆ ಒತ್ತುವುದು ಕಡಿಮೆಯಾಗುತ್ತೆ. ಹೊಟ್ಟೆಯೊಳಗಿನ ಭಾಗಗಳ ಮೇಲೂ ಎಂದಿನ ಒತ್ತಡ ಇರಲ್ಲ. ಜೋಕಾಲಿಯಲ್ಲಿ ಜೀಕುವವರು ನೀವೇ, ಇಲ್ಲಿ ಬೇರೆ ಯಾರೋ. ಇಷ್ಟೇ ವ್ಯತ್ಯಾಸ. ನನ್ನ ಮಟ್ಟಿಗೆ ಬೇಕೆಂದಾಗ ಇಳಿಯೋಕೆ ಆಗಲ್ಲ ಅನ್ನೋ ನಿಮ್ಮ ಎರಡನೆಯದೇ ಅಸಲಿ ಭಯ, ಹೊಟ್ಟೆಯದ್ದು ನೆಪ.

ಮಾನ್ವಿ_ಮೌನಿ:
ನನ್ನದೊಂದು ಪ್ರಶ್ನೆ. ಹತ್ತಲೇಬೇಕು ಅಂತ ಯಾರು ಹೇಳಿದ್ರು? ಇಷ್ಟ ಇಲ್ಲ ಅಂದ್ರೆ ಇಲ್ಲ. ಟಿಕೆಟ್ ದುಡ್ಡು ಕೊಟ್ಟು ಹೆದರಿಕೊಂಡು ಬರಬೇಕಾ? ವೇವ್ ಪೂಲ್ ಇದೆ, ರೇನ್ ಡಿಸ್ಕೋ ಇದೆ, ಆರಾಮಾಗಿ ದಿನ ಕಳೀಬಹುದು.

ಸಿರುಗುಪ್ಪ_ಸೋನಾ:
ಮೌನಿ ಅವರೇ, ಇಷ್ಟ ಇಲ್ಲ ಅಂತಿದ್ದಿದ್ರೆ ಈ ಪೋಸ್ಟೇ ಹಾಕ್ತಿರಲಿಲ್ಲ. ಕೆಳಗೆ ನಿಂತು ಅವರ ಕೂಗು ಕೇಳುವಾಗ ಹೊಟ್ಟೆ ಉರಿಯುತ್ತೆ ರೀ. ಇಷ್ಟ ಇದೆ, ಧೈರ್ಯ ಇಲ್ಲ.

ಮಾನ್ವಿ_ಮೌನಿ:
ಹಾಗಾದ್ರೆ ಸರಿ. ಅದು ಬೇರೆ ಕಥೆ.

ತೋರಣಗಲ್ಲು_ಫಿಟ್ಟರ್:
ಸ್ಟೀಲ್ ಫ್ಯಾಕ್ಟರಿ ಮೇಂಟೆನೆನ್ಸ್‌ನಲ್ಲಿದ್ದೇನೆ. ಕ್ರೇನ್, ಕನ್ವೇಯರ್, ಚೈನ್, ಗೇರ್‌ಬಾಕ್ಸ್ ಇವೇ ನಮ್ಮ ದಿನದ ಕೆಲಸ. ನನಗೂ ಮೊದಲು ಭಯ ಇತ್ತು. ಯಾರಾದ್ರೂ "ಏನಾಗಲ್ಲ ಬಿಡು" ಅಂದ್ರೆ ಅದು ಜಾಸ್ತಿ ಆಗ್ತಿತ್ತು. ಯಾಕೆ ಏನಾಗಲ್ಲ ಅಂತ ಹೇಳಿದ್ರೆ ಮಾತ್ರ ಕಡಿಮೆ ಆಗ್ತಿತ್ತು. ನಿಮಗೂ ಅದೇ ಸ್ವಭಾವ ಇದ್ದರೆ ಪೂರ್ತಿ ಓದಿ, ಇಲ್ಲಾಂದ್ರೆ ಬಿಟ್ಟುಬಿಡಿ.

ಮೊದಲು ಚಕ್ರ. ಕೋಸ್ಟರ್ ಡಬ್ಬಿ ರೈಲಿನ ಹಾಗೆ ಹಳಿ ಮೇಲೆ ಸುಮ್ನೆ ಕೂತಿರಲ್ಲ. ಹಳಿಯ ಮೇಲೆ ಒಂದು ಜೊತೆ ಚಕ್ರ, ಪಕ್ಕಕ್ಕೆ ಒಂದು, ಹಳಿಯ ಕೆಳಗೆ ಇನ್ನೊಂದು. ಮೂರೂ ಕಡೆಯಿಂದ ಹಳಿಯನ್ನು ಹಿಡಿದಿರುತ್ತವೆ. ಕೆಳಗಿನ ಚಕ್ರ ಇರೋದರಿಂದ ಡಬ್ಬಿ ಮೇಲಕ್ಕೆ ಎದ್ದು ಹೋಗಲ್ಲ. ಇದಕ್ಕೆ 1919ರಲ್ಲೇ ಜಾನ್ ಮಿಲ್ಲರ್ ಅನ್ನೋ ಅಮೆರಿಕನ್ ಪೇಟೆಂಟ್ ತಗೊಂಡಿದ್ದ. ಇವತ್ತಿನ ದೊಡ್ಡ ದೊಡ್ಡ ಕೋಸ್ಟರ್‌ಗಳೆಲ್ಲ ಇದೇ ಐಡಿಯಾ ಮೇಲೆ ಓಡ್ತಿವೆ.

ಎರಡು, ಮೇಲೆ ಹತ್ತುವಾಗಿನ ಠಕ್ ಠಕ್ ಠಕ್ ಸದ್ದು. ಅರ್ಧ ಜನಕ್ಕೆ ಆ ಸದ್ದಿಗೇ ಜೀವ ಹೋಗುತ್ತೆ. ಚೈನ್ ಎಳೆಯುವ ಕೋಸ್ಟರ್‌ನಲ್ಲಿ ಡಬ್ಬಿಯ ಕೆಳಗೆ ಒಂದು ಕಬ್ಬಿಣದ ನಾಲಗೆ ಇರುತ್ತೆ, ಹಳಿ ಪಕ್ಕ ಗರಗಸದಂಥ ಹಲ್ಲಿನ ಪಟ್ಟಿ. ನಾಲಗೆ ಒಂದೊಂದೇ ಹಲ್ಲು ದಾಟಿ ಬೀಳುವಾಗಿನ ಸದ್ದು ಅದು. ಚೈನ್ ಕಡಿದರೂ ನಾಲಗೆ ಹಲ್ಲಿಗೆ ಸಿಕ್ಕಿ ಡಬ್ಬಿ ಅಲ್ಲೇ ನಿಲ್ಲುತ್ತೆ, ಹಿಂದಕ್ಕೆ ಜಾರಲ್ಲ. ನಮ್ಮಲ್ಲಿ ಕೆಲವು ಇಳಿಜಾರು ಕನ್ವೇಯರ್‌ಗಳಲ್ಲೂ ಇದೇ ಥರದ ತಡೆ ಇದೆ. ಹಾಗಾಗಿ ನನಗೆ ಆ ಠಕ್ ಠಕ್ ನಿಂತರೆ ಭಯ, ಕೇಳ್ತಾ ಇದ್ರೆ ನೆಮ್ಮದಿ.

ಮೂರು, ತುದಿ ದಾಟಿದ ಮೇಲೆ ಅದಕ್ಕೆ ಮೋಟಾರ್ ಇರಲ್ಲ. ಮೇಲಕ್ಕೆ ಎಳೆದಾಗ ಸಿಕ್ಕ ಶಕ್ತಿಯಲ್ಲೇ ಕೊನೇವರೆಗೂ ಓಡಬೇಕು. ಗಾಳಿ, ಚಕ್ರದ ಉಜ್ಜಾಟ ಎಲ್ಲ ಅದರಲ್ಲಿ ಸ್ವಲ್ಪ ಸ್ವಲ್ಪ ತಿಂದುಹಾಕುತ್ತವೆ. ಹಾಗಾಗಿ ಒಂದೇ ಚೈನಿನ ಕೋಸ್ಟರ್‌ನಲ್ಲಿ ಮುಂದಿನ ಯಾವ ಏರೂ ಮೊದಲನೆಯದರಷ್ಟು ಎತ್ತರ ಇರೋಕೆ ಸಾಧ್ಯ ಇಲ್ಲ. ಮೊದಲ ಇಳಿತ ಮುಗೀತಾ, ಆ ರೈಡ್‌ನ ಅತಿ ದೊಡ್ಡದು ಮುಗೀತು ಅಂತ ಲೆಕ್ಕ. ರಿಕಾಯ್ಲ್‌ಗೆ ಮಾತ್ರ ಈ ಲೆಕ್ಕ ಹಾಕಬೇಡಿ, ಅದು ಹಿಂದಕ್ಕೆ ಇನ್ನೊಂದು ಸಲ ಬರುತ್ತೆ.

ನಾಲ್ಕು, ತಲೆಕೆಳಗಾದಾಗ ಬಿದ್ದುಹೋಗ್ತೀವಿ ಅನ್ನೋ ಭಯ. ಸುತ್ತಿನೊಳಗೆ ವೇಗದಲ್ಲಿ ಹೋಗುವಾಗ ಮೈ ಸೀಟಿಗೆ ಒತ್ತಿಕೊಳ್ಳುತ್ತೆ, ಅದರ ಮೇಲೆ ಭುಜದ ಬಾರ್ ಬೇರೆ. ಸರಿಯಾಗಿ ನೋಡಿ, ಆ ಸುತ್ತು ಪೂರ್ತಿ ದುಂಡಗಿರಲ್ಲ, ಹನಿಯ ಆಕಾರ: ಕೆಳಗೆ ಅಗಲ, ಮೇಲೆ ಕಿರಿದು. 1895ರಲ್ಲಿ ನ್ಯೂಯಾರ್ಕ್‌ನ ಕೋನಿ ಐಲೆಂಡ್‌ನಲ್ಲಿ ದುಂಡಗಿನ ಸುತ್ತು ಮಾಡಿ ಜನರ ಕುತ್ತಿಗೆ ನೋಯಿಸಿದ್ದರು. ಹನಿ ಆಕಾರದ ಸುತ್ತು ಗಟ್ಟಿಯಾಗಿ ನೆಲೆಯೂರಿದ್ದು 1976ರಲ್ಲಿ, ಕ್ಯಾಲಿಫೋರ್ನಿಯಾದ ಒಂದು ಪಾರ್ಕ್‌ನಲ್ಲಿ. ಲೆಕ್ಕ ಹಾಕಿದ್ದು ವರ್ನರ್ ಸ್ಟೆಂಗಲ್ ಅನ್ನೋ ಜರ್ಮನ್ ಎಂಜಿನಿಯರ್.

ಇನ್ನೊಂದು. ಹತ್ತುವ ಮಧ್ಯದಲ್ಲೇ ನಿಂತುಬಿಟ್ಟರೆ ಗಾಬರಿ ಬೇಡ. ಹಳಿಯನ್ನು ಭಾಗ ಭಾಗ ಮಾಡಿರ್ತಾರೆ. ಒಂದು ಭಾಗದಲ್ಲಿ ಒಂದೇ ಟ್ರೈನ್. ಮುಂದಿನ ಭಾಗ ಖಾಲಿ ಇಲ್ಲ ಅಂತ ಸೆನ್ಸರ್ ಹೇಳಿದರೆ ಹಿಂದಿನದನ್ನು ನಿಲ್ಲಿಸಿಬಿಡುತ್ತೆ. ಪಕ್ಕದಲ್ಲೇ ಮೆಟ್ಟಿಲಿರುತ್ತೆ. ಬೇಕಾದ್ರೆ ಸಿಬ್ಬಂದಿ ಬಂದು ನಡೆಸಿಕೊಂಡು ಇಳಿಸ್ತಾರೆ.

ಕೌಲ್‌ಬಜಾರ್_ಕಿಂಗ್:
ಫಿಟ್ಟರ್ ಅಣ್ಣಾ, ಇಷ್ಟು ದಿನ ಹಿಂದೆ ಮುಂದೆ ಗೊತ್ತಿಲ್ದೇ ಹತ್ತಿದ್ದೀನಿ ನಾನು. ಈಗ ಭಯ ಶುರುವಾಯ್ತು 😅

ಗವಿಮಠ_ಗಾಳಿ:
ಫಿಟ್ಟರ್ ಸರ್, ಒಂದು ಡೌಟು. ದೊಡ್ಡ ಪಾರ್ಕ್‌ಗೆ ನೀವು ಹೇಳಿದ್ದೆಲ್ಲ ಸರಿ. ಜಾತ್ರೆ ರೈಡ್‌ಗಳ ಕಥೆ ಏನು? ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಗೆ ಬರುವ ದೊಡ್ಡ ತೊಟ್ಟಿಲು, ಕೊಲಂಬಸ್, ಬ್ರೇಕ್ ಡ್ಯಾನ್ಸ್, ಡ್ರ್ಯಾಗನ್ ಟ್ರೈನ್ ಇವನ್ನು ಪ್ರಾಕ್ಟೀಸ್‌ಗೆ ಅಂತ ಹತ್ತಬಹುದಾ?

ತೋರಣಗಲ್ಲು_ಫಿಟ್ಟರ್:
ಗಾಳಿ ಅವರೇ, ಒಳ್ಳೆ ಪ್ರಶ್ನೆ. ಭಯದಲ್ಲಿ ಎರಡು ಥರ ಇದೆ, ಸುಳ್ಳು ಭಯ ಮತ್ತು ಬೇಕಾದ ಭಯ. ಜಾತ್ರೆ ರೈಡ್ ಮುಂದೆ ಹುಟ್ಟುವ ಭಯವನ್ನು ನಾನು ಪೂರ್ತಿ ಸುಳ್ಳು ಅನ್ನಲ್ಲ. ಒಂದು ಊರಲ್ಲಿ ಬಿಚ್ಚಿ, ಲಾರಿಗೆ ಹೇರಿ, ಇನ್ನೊಂದು ಊರಲ್ಲಿ ಜೋಡಿಸುವ ಯಂತ್ರ ಅದು. ಪ್ರತಿ ಸಲ ಪ್ರತಿ ಪಿನ್ನೂ ಸರಿಯಾಗಿ ಕೂರಬೇಕು. ಪಾರ್ಕ್‌ನಲ್ಲೂ ಅನಾಹುತ ಆಗಿಲ್ಲ ಅಂತಲ್ಲ. 2019ರ ಜುಲೈನಲ್ಲಿ ಅಹಮದಾಬಾದ್‌ನ ಕಾಂಕರಿಯಾದಲ್ಲಿ ಲೋಲಕದಂತೆ ತೂಗುವ ರೈಡ್ ಒಂದು ಮುರಿದುಬಿದ್ದು ಇಬ್ಬರು ಸತ್ತರು.

ಹಾಗಾಗಿ ಹತ್ತುವ ಮೊದಲು ನಾನು ಕಣ್ಣಾಡಿಸುತ್ತೇನೆ. ಪಿನ್ ತುದಿಯಲ್ಲಿ ಕ್ಲಿಪ್ ಇದೆಯಾ, ಅಥವಾ ಅದರ ಜಾಗದಲ್ಲಿ ಬೈಂಡಿಂಗ್ ವೈರ್ ಸುತ್ತಿದ್ದಾರಾ? ವೆಲ್ಡಿಂಗ್ ಜಾಗದಲ್ಲಿ ಬಣ್ಣ ಬಿರುಕು ಬಿಟ್ಟು ಸಣ್ಣ ಗೆರೆಯಲ್ಲಿ ತುಕ್ಕು ಇಳಿದಿದೆಯಾ? ಫ್ಯಾಕ್ಟರಿಯಲ್ಲಿ ಬಿರುಕು ಹುಡುಕೋಕೆ ಕೆಂಪು ಡೈ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸ್ಪ್ರೇ ಮಾಡ್ತೀವಿ. ಬಿರುಕಿದ್ದರೆ ಸ್ವಲ್ಪ ಹೊತ್ತಿಗೆ ಬಿಳಿ ಮೇಲೆ ಕೂದಲಿನಷ್ಟು ತೆಳುವಾದ ಕೆಂಪು ಗೆರೆ ಎದ್ದು ಬರುತ್ತೆ. ಜಾತ್ರೆಯಲ್ಲಿ ನಿಮ್ಮ ಕೈಯಲ್ಲಿ ಡೈ ಇರಲ್ಲ, ತುಕ್ಕಿನ ಗೆರೆ ಆದ್ರೂ ನೋಡಿ. ಆಪರೇಟರ್ ಮೊಬೈಲ್ ನೋಡ್ತಾ ಲಿವರ್ ಎಳೀತಿದ್ರೆ, ಚಿಕ್ಕ ಮಕ್ಕಳ ಎತ್ತರ ಕೇಳದೇ ಹತ್ತಿಸ್ತಿದ್ರೆ, ಜನ "ಇನ್ನೂ ಜೋರು" ಅಂದ ಹಾಗೆಲ್ಲ ಸ್ಪೀಡ್ ಏರಿಸ್ತಿದ್ರೆ ಮಿರ್ಚಿ ಮಂಡಕ್ಕಿ ತಿಂದು ಮನೆಗೆ ಬನ್ನಿ.

ಮೇಷ್ಟ್ರು_ಕುಷ್ಟಗಿ:
ಕಾಲೇಜಿನಲ್ಲಿ ಮನಶ್ಶಾಸ್ತ್ರ ಪಾಠ ಮಾಡಿ ನಿವೃತ್ತಿ ಆದವನು ನಾನು. ಯಂತ್ರದ ವಿಷಯ ಫಿಟ್ಟರ್ ಅವರಿಗೆ ಬಿಟ್ಟು, ತಲೆಯೊಳಗಿನ ವಿಷಯ ಹೇಳುತ್ತೇನೆ.

1924ರಲ್ಲಿ ಮೇರಿ ಕವರ್ ಜೋನ್ಸ್ ಎಂಬ ಮನಶ್ಶಾಸ್ತ್ರಜ್ಞೆ ಪೀಟರ್ ಎಂಬ ಪುಟ್ಟ ಹುಡುಗನ ಬಗ್ಗೆ ಬರೆದರು. ಅವನಿಗೆ ಮೊಲ ಕಂಡರೆ ಭಯ. ಅವನು ಇಷ್ಟಪಟ್ಟು ಏನಾದರೂ ತಿನ್ನುತ್ತಿರುವಾಗ ಮೊಲದ ಪಂಜರವನ್ನು ದೂರದಲ್ಲಿ ಇಡುತ್ತಿದ್ದರು. ಅವನು ಅಳದಷ್ಟು ದೂರ. ಬರಬರುತ್ತಾ ಪಂಜರ ಹತ್ತಿರ ಬಂತು. ಕೊನೆಗೆ ಹುಡುಗ ಮೊಲವನ್ನು ಮುಟ್ಟಿ ಆಡಿದ. ಇದೇ ದಾರಿಯನ್ನು 1958ರಲ್ಲಿ ಜೋಸೆಫ್ ವೋಲ್ಪೆ ಎಂಬ ವೈದ್ಯರು ದೊಡ್ಡವರ ಚಿಕಿತ್ಸೆಗೆ ಕ್ರಮವಾಗಿ ಜೋಡಿಸಿ ಪುಸ್ತಕ ಬರೆದರು. ಭಯಕ್ಕೆ ಹಂತ ಹಂತವಾಗಿ ಒಡ್ಡಿಕೊಳ್ಳುವುದು ಇಂದಿಗೂ ಚೆನ್ನಾಗಿ ಕೆಲಸ ಮಾಡುವ ವಿಧಾನ.

ಈಗ ಸೋನಾ ಅವರ ಲೆಕ್ಕಕ್ಕೆ ಬರೋಣ. ಮನೆಯಲ್ಲೇ ಶುರು ಮಾಡಿ. ಮುಂದಿನ ಸೀಟಿನಿಂದ ತೆಗೆದ ರೈಡ್ ವಿಡಿಯೋ ಯೂಟ್ಯೂಬ್‌ನಲ್ಲಿ ಬೇಕಾದಷ್ಟಿವೆ. ಮೊದಲು ಸದ್ದಿಲ್ಲದೆ ನೋಡಿ, ಆಮೇಲೆ ಸದ್ದಿಟ್ಟು, ಆಮೇಲೆ ಹೆಡ್‌ಫೋನ್ ಹಾಕಿ. ಅದು ಬೇಜಾರು ಬರುವವರೆಗೂ ನೋಡಬೇಕು, ಇದು ಮುಖ್ಯ. ಭಯ ಮೇಲಕ್ಕೇರಿದಾಗ ವಿಡಿಯೋ ನಿಲ್ಲಿಸಿದರೆ "ನಿಲ್ಲಿಸಿದ್ದಕ್ಕೆ ಬದುಕಿದೆ" ಎಂದು ಮನಸ್ಸು ಪಾಠ ಕಲಿಯುತ್ತದೆ. ಅಲ್ಲೇ ಇದ್ದರೆ ಭಯ ತಾನಾಗಿ ಇಳಿಯುತ್ತದೆ. ಕ್ಯೂನಿಂದ ಕೊನೆ ಗಳಿಗೆಯಲ್ಲಿ ಓಡಿಬರುವವರಿಗೆ ಮುಂದಿನ ಸಲ ಭಯ ಇನ್ನೂ ಜಾಸ್ತಿ ಆಗುವುದು ಈ ಕಾರಣಕ್ಕೇ. ಪಾರ್ಕ್ ತಲುಪಿದ ಮೇಲೆ ಮಕ್ಕಳ ಚಿಕ್ಕ ಕೋಸ್ಟರ್, ನಂತರ ತಲೆಕೆಳಗಾಗದ ಮಧ್ಯಮ ರೈಡ್, ಕೊನೆಗೆ ದೊಡ್ಡದು. ಒಂದು ಹಂತ ನೀರಸ ಅನ್ನಿಸಿದ ಮೇಲೆಯೇ ಮುಂದಿನದು.

ಇನ್ನೊಂದು ಉಪಾಯ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಜನರಿಂದ ಹಾಡು ಹೇಳಿಸಿದರು, ಭಾಷಣ ಮಾಡಿಸಿದರು, ಲೆಕ್ಕ ಮಾಡಿಸಿದರು. ಶುರುವಾಗುವ ಮುಂಚೆ "ನಾನು ಶಾಂತವಾಗಿದ್ದೇನೆ" ಎಂದುಕೊಂಡವರಿಗಿಂತ "ನನಗೆ ಉತ್ಸಾಹ ಬಂದಿದೆ" ಎಂದುಕೊಂಡವರು ಚೆನ್ನಾಗಿ ಮಾಡಿದರು. ಭಯಕ್ಕೂ ಉತ್ಸಾಹಕ್ಕೂ ಎದೆ ಬಡಿತ ಒಂದೇ. ಎದೆ ಡವಡವ ಅನ್ನುವಾಗ ಶಾಂತವಾಗು ಎಂದರೆ ಅದು ಕೇಳುವುದಿಲ್ಲ. ಹೆಸರು ಬದಲಾಯಿಸಿದರೆ ಕೇಳುತ್ತದೆ. ಅವರ ಪ್ರಯೋಗ ಕೋಸ್ಟರ್ ಮೇಲೆ ಆಗಿದ್ದಲ್ಲ, ಆದರೂ ನೀವು ಪ್ರಯತ್ನಿಸಿ ನೋಡಬಹುದು.

ಹಟ್ಟಿ_ಹೈದ:
ನಮ್ಮಪ್ಪ ಹಟ್ಟಿ ಚಿನ್ನದ ಗಣಿಯಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದವರು. ದಿನಾ ಕೇಜ್‌ನಲ್ಲಿ, ಅಂದ್ರೆ ಗಣಿಯ ಲಿಫ್ಟ್‌ನಲ್ಲಿ, ಕೂಡ್ರಲಾರದಷ್ಟು ಜನ ಒತ್ತಿಕೊಂಡು ನಿಂತು ಭೂಮಿ ಒಳಗೆ ಇಳಿಯೋದು. ಬೆಲ್ ಹೊಡೆದ ತಕ್ಷಣ ನೆಲ ಕಾಲ ಕೆಳಗಿಂದ ಹೋದ ಹಾಗೆ ಆಗುತ್ತಂತೆ. ಮೊದಲ ವಾರ ಊಟ ಸೇರಿರಲಿಲ್ಲ ಅಂತ ಅಮ್ಮ ಈಗಲೂ ಹೇಳ್ತಾಳೆ. ಅಪ್ಪನಿಗೆ ಹಳೇ ಕೈ ಒಬ್ಬರು ಹೇಳಿಕೊಟ್ಟಿದ್ದು ಇಷ್ಟೇ: ಮೊಣಕಾಲು ಬಿಗಿ ಹಿಡಿಯಬೇಡ, ಉಸಿರು ಕಟ್ಟಬೇಡ, ಪಕ್ಕದವನ ಜೊತೆ ಮನೆ ಮಾತು ಆಡ್ತಾ ಇರು.

ತಮಾಷೆ ಏನಂದ್ರೆ, ಅಪ್ಪನನ್ನ ಹೈದರಾಬಾದ್ ವಂಡರ್‌ಲಾಗೆ ಕರ್ಕೊಂಡು ಹೋದಾಗ ಕೋಸ್ಟರ್ ನೋಡಿ "ನಾ ಒಲ್ಲೆ" ಅಂದುಬಿಟ್ರು. "ಗಣಿಯೊಳಗೆ ಇಳಿದ್ರೆ ಪಗಾರ ಕೊಡ್ತಾರ, ಇಲ್ಲಿ ನಾವೇ ರೊಕ್ಕ ಕೊಟ್ಟು ಇಳೀಬೇಕಾ?" ಅಂತ. ವಾದ ಮಾಡೋಕೆ ನನ್ನ ಹತ್ರ ಉತ್ತರ ಇರಲಿಲ್ಲ.

ಮಾನ್ವಿ_ಮೌನಿ:
ನಿಮ್ಮಪ್ಪನಿಗೆ ನನ್ನ ನಮಸ್ಕಾರ ಹೇಳಿ 🙏

ರಾಯಚೂರು_ಸಿಸ್ಟರ್:
ನರ್ಸ್ ಆಗಿದ್ದೀನಿ, ಅದಕ್ಕೆ ನಾಲ್ಕು ಮಾತು. ಗರ್ಭಿಣಿಯರು, ಹೃದಯದ ತೊಂದರೆ ಇರುವವರು, ಹತೋಟಿಗೆ ಬಾರದ ಬಿಪಿ ಇರುವವರು, ಕುತ್ತಿಗೆ ಬೆನ್ನಿನ ಡಿಸ್ಕ್ ಸಮಸ್ಯೆ ಇರುವವರು, ಈಚೆಗೆ ಆಪರೇಶನ್ ಆದವರು ಹತ್ತಲೇಬಾರದು. ಅಲ್ಲಿ ಧೈರ್ಯದ ಮಾತೇ ಬರಲ್ಲ. ಫಿಟ್ಸ್ ಇರುವವರು ಡಾಕ್ಟರನ್ನು ಕೇಳದೇ ಹೋಗಬೇಡಿ.

ಭಯ ಬೇರೆ, ತಲೆಸುತ್ತು ಬೇರೆ. ಬಸ್ಸಲ್ಲೂ ವಾಂತಿ ಮಾಡುವವರಿಗೆ ಕೋಸ್ಟರ್‌ಗಿಂತ ಗಿರಗಿರ ತಿರುಗುವ ರೈಡ್‌ಗಳೇ ಹೆಚ್ಚು ಕಷ್ಟ. ಅವನ್ನು ದಿನದ ಕೊನೆಗೆ ಇಡಿ, ಇಲ್ಲ ಬಿಟ್ಟೇಬಿಡಿ. ಬಸ್ ವಾಂತಿಗೆ ತಗೊಳ್ಳುವ ಅವೊಮಿನ್ ಥರದ ಮಾತ್ರೆ ನಿದ್ದೆ ತರುತ್ತೆ. ಬೇಕೇ ಬೇಕು ಅನ್ನುವವರು ಡಾಕ್ಟರ್ ಹತ್ರ ಕೇಳಿಕೊಳ್ಳಿ.

ಹೊಟ್ಟೆ ಪೂರ್ತಿ ಖಾಲಿ ಇರಬಾರದು, ಒಗ್ಗಾಣಿ ಮಿರ್ಚಿ ಎರಡು ಪ್ಲೇಟ್ ಕೂಡ ಇರಬಾರದು. ಇಡ್ಲಿಯೋ ಬಾಳೆಹಣ್ಣೋ ಸಾಕು. ನಮ್ಮ ಕಡೆಯವರು ಬಿಸಿಲಿಗೆ ಹೆದರಲ್ಲ, ಅದಕ್ಕೇ ನೀರು ಕುಡಿಯೋದೂ ಮರೀತಾರೆ. ಕ್ಯೂನಲ್ಲಿ ತಲೆ ಸುತ್ತಿದ್ರೆ ಅದು ಭಯಕ್ಕೋ ನೀರಿಲ್ಲದ್ದಕ್ಕೋ ಅಂತ ಮೊದಲು ನೋಡ್ಕೊಳ್ಳಿ. ಇಳಿಯುವಾಗ ಕೂಗಿ. ಕೂಗಿದ್ರೆ ಉಸಿರು ಹೊರಗೆ ಹೋಗುತ್ತೆ, ಹೊಟ್ಟೆ ಬಿಗಿತ ಸಡಿಲ ಆಗುತ್ತೆ. ನಾಚಿಕೆ ಬೇಡ, ಅಲ್ಲಿ ಎಲ್ಲರೂ ಕೂಗ್ತಾರೆ.

ಸಿರುಗುಪ್ಪ_ಸೋನಾ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ವಿಡಿಯೋ ಶುರು ಮಾಡಿದ್ದೀನಿ. ಸದ್ದಿಲ್ಲದೇ ಆರಾಮು. ಸದ್ದಿಟ್ಟರೆ ಆ ಠಕ್ ಠಕ್‌ಗೇ ಅಂಗೈ ಬೆವರುತ್ತೆ. ಯಾವ ಸೀಟು ಹಿಡೀಲಿ ಅಂತ ಒಂದು ಹೇಳಿಬಿಡಿ.

ತುಂಗಭದ್ರೆ_ದಡ:
ಮಧ್ಯದ್ದು. ಕೊನೆಯ ಡಬ್ಬಿ ತುದಿ ದಾಟುವ ಹೊತ್ತಿಗೆ ಮುಂದಿನ ಡಬ್ಬಿಗಳೆಲ್ಲ ಆಗಲೇ ಕೆಳಗೆ ಇಳೀತಿರುತ್ತವೆ. ಅವು ಎಳೆದುಕೊಂಡು ಹೋಗುವ ರಭಸಕ್ಕೆ ಹಿಂದಿನವರು ಸೀಟಿನಿಂದ ಎದ್ದ ಹಾಗೆ ಆಗುತ್ತೆ. ಮುಂದಿನ ಸೀಟಲ್ಲಿ ಎಳೆತ ಕಡಿಮೆ, ಆದರೆ ಎದುರಿಗೆ ಬರೀ ಆಕಾಶ. ರಿಕಾಯ್ಲ್ ಹಿಂದಕ್ಕೆ ಓಡುವಾಗ ಎರಡೂ ತಿರುಗುಮುರುಗಾಗುತ್ತೆ, ಮಧ್ಯದಲ್ಲಿ ಕೂತವರಿಗೆ ಮಾತ್ರ ಎರಡು ಸಲವೂ ಹೆಚ್ಚು ಕಡಿಮೆ ಒಂದೇ.

ಕೌಲ್‌ಬಜಾರ್_ಕಿಂಗ್:
ಮೊದಲ ಸೀಟಿನ ಮಜಾನೇ ಬೇರೆ ಅಕ್ಕ. ಆದ್ರೆ ದಡದವರು ಹೇಳಿದ್ದನ್ನೇ ಕೇಳಿ.

ಸಿರುಗುಪ್ಪ_ಸೋನಾ:
ಹೋಗಿ ಬಂದೆ. ನಿನ್ನೆ ರಾತ್ರಿ ಬಸ್ಸಲ್ಲೇ ಬರೆಯೋಣ ಅಂದ್ಕೊಂಡೆ, ನಿದ್ದೆ ಬಂದುಬಿಡ್ತು.

ಮಕ್ಕಳ ಚಿಕ್ಕ ಕೋಸ್ಟರ್‌ನಿಂದಲೇ ಶುರು ಮಾಡಿದೆ. ಸುತ್ತ ಎಲ್ಲ ಪುಟ್ಟ ಮಕ್ಕಳು, ನಾನೊಬ್ಬಳೇ ದೊಡ್ಡವಳು. ನಮ್ಮ ಕಟಿಂಗ್ ಮಾಸ್ಟರ್ ವಿಡಿಯೋ ಮಾಡಿ ಗ್ರೂಪಿಗೆ ಹಾಕಿದ್ದಾರೆ, ಹಾಕ್ಲಿ ಬಿಡಿ. ಅದರಲ್ಲೇ ಇಳಿದು ಇಳಿದು ಹತ್ತಿದೆ. ಕೊನೆಗೆ ಆಕಳಿಕೆ ಬಂತು. ಮೇಷ್ಟ್ರು ಹೇಳಿದ "ನೀರಸ" ಇದೇ ಅಂತ ಗೊತ್ತಾಯ್ತು. ಆಮೇಲೆ ತೂಗುವಂಥವು ಒಂದೆರಡು.

ರಿಕಾಯ್ಲ್ ಕ್ಯೂನಲ್ಲಿ ನಿಂತಾಗ ಮಾತ್ರ ಸರಿಯಾಗಿ ಹಿಡ್ಕೊಂಡಿತು. ಕ್ಯೂ ಸುತ್ತಿ ಸುತ್ತಿ ಹೋಗುತ್ತೆ. ಪ್ರತಿ ಸುತ್ತಿನಲ್ಲೂ ಒಮ್ಮೆ ಆ ಟ್ರೈನ್ ತಲೆ ಮೇಲೆ ದಡಬಡ ಅಂತ ಹಾದುಹೋಗುತ್ತೆ, ಜನರ ಚೀರಾಟ ಒಂದು ಕ್ಷಣ ಬಂದು ನಿಂತುಹೋಗುತ್ತೆ. ನನ್ನ ಕಾಲು ಅಕ್ಷರಶಃ ನಡುಗ್ತಿತ್ತು. "ನನಗೆ ಖುಷಿ ಆಗ್ತಿದೆ, ಖುಷಿ ಆಗ್ತಿದೆ" ಅಂತ ಮೆಲ್ಲಗೆ ಅಂದ್ಕೋತಿದ್ದೆ. ಮುಂದೆ ನಿಂತಿದ್ದ ಅಜ್ಜಿ ತಿರುಗಿ ನೋಡಿ "ಯಾಕವ್ವ, ದೇವರ ಹೆಸ್ರು ಹೇಳ್ತೀಯಾ?" ಅಂದ್ರು. ನಗು ಬಂತು. ನಗು ಬಂದ ಮೇಲೆ ನಡುಕ ಸ್ವಲ್ಪ ಕಡಿಮೆ ಆಯ್ತು ಅನ್ನೋದು ಸುಳ್ಳಲ್ಲ.

ಬಾರ್ ಭುಜದ ಮೇಲೆ ಇಳಿದು ಕಟಕಟ ಅಂತ ಲಾಕ್ ಆಯ್ತು. ಸಿಬ್ಬಂದಿ ಹುಡುಗ ಪ್ರತಿಯೊಂದನ್ನೂ ಜೋರಾಗಿ ಮೇಲಕ್ಕೆ ಎಳೆದು ನೋಡ್ತಾ ಬಂದ. ನನ್ನದನ್ನ "ಇನ್ನೊಂದ್ಸಲ ನೋಡಪ್ಪ" ಅಂದೆ. ಬೇಜಾರಿಲ್ಲದೆ ಇನ್ನೊಂದು ಸಲ ಎಳೆದ. ಅಲ್ಲಿಂದ ಮುಂದಿನದು ಪೂರ್ತಿ ನೆನಪಿಲ್ಲ. ನೆನಪಿರೋದು ಇಷ್ಟು: ತಲೆಕೆಳಗಾದಾಗ ಬೀಳ್ತೀನಿ ಅನ್ನಿಸಲೇ ಇಲ್ಲ, ಫಿಟ್ಟರ್ ಅಣ್ಣ ಹೇಳಿದ ಹಾಗೆ ಬೆನ್ನು ಸೀಟಿಗೆ ಅಂಟಿಕೊಂಡಿತ್ತು. ಹಿಂದಕ್ಕೆ ಬರುವಾಗ ಮಾತ್ರ ದಡದವರ ಉಪಾಯ ನಡೀಲಿಲ್ಲ, ಮುಂದೆ ನೋಡೋಣ ಅಂದ್ರೆ ದಾರಿ ಬೆನ್ನ ಹಿಂದೆ. ಹೊಟ್ಟೆ ಬಾಯಿಗೆ ಬಂದೇ ಬಂತು. ಅದೇನು ಹೋಗಿಲ್ಲ, ಹೋಗೋದೂ ಇಲ್ಲ ಅನ್ಸುತ್ತೆ. ಅದು ಬಂದ್ರೆ ಬರ್ಲಿ ಅನ್ನುವಷ್ಟಕ್ಕೆ ಬಂದಿದ್ದೀನಿ.

ಸ್ಕೈ ವೀಲ್‌ಗೆ ಹೋಗೋಣ್ವಾ ಅಂತ ನಾನು ಕೇಳಿದ್ರೆ ಅಕ್ಕನ ಮಗಳು "ಬೇಡ ಚಿಕ್ಕಮ್ಮ, ನಂಗೆ ಎತ್ತರ ಭಯ" ಅಂದಳು. ಇಷ್ಟು ದಿನ ಹೇಳೇ ಇರ್ಲಿಲ್ಲ ಕಳ್ಳಿ.

ಮೇಷ್ಟ್ರು_ಕುಷ್ಟಗಿ:
ಭೇಷ್! ಒಂದೇ ಮಾತು: ವರ್ಷಗಟ್ಟಲೆ ಬಿಡಬೇಡಿ. ಬಿಟ್ಟರೆ ಭಯ ಸ್ವಲ್ಪ ಸ್ವಲ್ಪ ಹಿಂದಿರುಗುತ್ತದೆ. ಆಗ ಮತ್ತೆ ಚಿಕ್ಕದರಿಂದ ಶುರು ಮಾಡಿದರಾಯಿತು, ಮೊದಲಿನಷ್ಟು ಹೊತ್ತು ಹಿಡಿಯುವುದಿಲ್ಲ.

ಹಟ್ಟಿ_ಹೈದ:
ಅಜ್ಜಿ ಹತ್ತಿದ್ರಾ?

ಸಿರುಗುಪ್ಪ_ಸೋನಾ:
ಇಲ್ಲ, ಅವರ ವಯಸ್ಸು ನೋಡಿ ಸಿಬ್ಬಂದಿಯವರು ಬೇಡ ಅಂದ್ರು. ಮೊಮ್ಮಗನನ್ನು ಹತ್ತಿಸೋಕೆ ಬಂದಿದ್ರಂತೆ. ಅವರಿಗೆ ಮಾತ್ರ ಸಿಟ್ಟೋ ಸಿಟ್ಟು.

ದೇವದುರ್ಗ_ದಿನಕರ:
ರಾಯಚೂರು ಕಡೆಯವರಿಗೆ ಬಿಡದಿ ದೂರ ಆಗುತ್ತೆ. ಹೈದರಾಬಾದ್‌ದು ಹೆಂಗೆ?

ಹಟ್ಟಿ_ಹೈದ:
ನಮಗೆ ಅದೇ ಹತ್ರ. ರಾಯಚೂರಿಂದ ಸುಮಾರು 200 ಕಿ.ಮೀ., ಮಹಬೂಬ್‌ನಗರ ಮೇಲೆ ಹೋದರಾಯ್ತು. ಹೈದರಾಬಾದ್ ಊರೊಳಗೆ ಹೋಗೋದೇ ಬೇಡ, ಔಟರ್ ರಿಂಗ್ ರೋಡ್ ಪಕ್ಕ ರಾವಿರಾಲದಲ್ಲಿದೆ. 2016ರಲ್ಲಿ ಶುರುವಾಗಿದ್ದು, ಬಿಡದಿಯದ್ದು 2005ರದ್ದು. ರಿಕಾಯ್ಲ್ ಅಲ್ಲೂ ಇದೆ. ಭಾನುವಾರ, ರಜೆ ದಿನ ಬಿಟ್ಟು ಹೋಗಿ. ಕ್ಯೂ ಚಿಕ್ಕದಿದ್ರೆ ಭಯ ಬೆಳೆಯೋಕೆ ಟೈಮೇ ಸಿಗಲ್ಲ.

ಕಾರಟಗಿ_ಅಮ್ಮ:
ನನ್ನ ಮಗ 138 ಸೆಂ.ಮೀ. ಇದ್ದಾನೆ. ದೊಡ್ಡ ರೈಡ್ ಬೋರ್ಡ್‌ನಲ್ಲಿ 140 ಅಂತ ಇತ್ತು ಅಂತ ಯಾರೋ ಹೇಳಿದ್ರು. ದಪ್ಪ ಅಟ್ಟೆಯ ಶೂ ಹಾಕಿಸಿದ್ರೆ ಬಿಡ್ತಾರಾ? ಅವನಿಗೆ ಭಯಾನೇ ಇಲ್ಲ, ಒಂದೇ ಸಮ ಹಟ.

ಕೌಲ್‌ಬಜಾರ್_ಕಿಂಗ್:
ಎರಡು ಸೆಂಟಿಮೀಟರ್ ತಾನೇ ಅಕ್ಕ, ಬಿಡ್ತಾರೆ ಬಿಡಿ.

ತೋರಣಗಲ್ಲು_ಫಿಟ್ಟರ್:
ಬೇಡಮ್ಮ. ಎತ್ತರದ ಲೆಕ್ಕ ಭಯಕ್ಕೆ ಸಂಬಂಧಪಟ್ಟಿದ್ದಲ್ಲ, ಬಾರ್‌ಗೆ ಸಂಬಂಧಪಟ್ಟಿದ್ದು. ಬಾರ್ ಭುಜದ ಮೇಲೆ, ಎದೆ ಮೇಲೆ ಸರಿಯಾದ ಜಾಗದಲ್ಲಿ ಕೂರಬೇಕು ಅಂದ್ರೆ ಮೈ ಇಷ್ಟು ಉದ್ದ ಇರಬೇಕು ಅಂತ ರೈಡ್ ಮಾಡಿದವರು ಲೆಕ್ಕ ಹಾಕಿರ್ತಾರೆ. ಶೂ ಹಾಕಿದ್ರೆ ಕಾಲು ಉದ್ದ ಆಗುತ್ತೆ, ಭುಜ ಮೇಲಕ್ಕೆ ಹೋಗಲ್ಲ. ಫ್ಯಾಕ್ಟರಿಯಲ್ಲೂ ಅಳತೆಗೆ ಸರಿಹೊಂದದ ಬೆಲ್ಟ್ ಕಟ್ಟಿಕೊಂಡು ಮೇಲೆ ಹತ್ತೋಕೆ ಯಾರನ್ನೂ ಬಿಡಲ್ಲ.

ರಾಯಚೂರು_ಸಿಸ್ಟರ್:
ಫಿಟ್ಟರ್ ಅಣ್ಣ ಹೇಳಿದ್ದೇ ಸರಿ. ಇನ್ನೊಂದು ಮಾತು, ಭಯಾನೇ ಇಲ್ಲದ ಮಕ್ಕಳನ್ನೇ ಜಾಸ್ತಿ ನೋಡ್ಕೋಬೇಕು. ರೈಡ್ ಓಡುವಾಗ ಕೈ ಹೊರಗೆ ಚಾಚುವವರು, ಎದ್ದು ನಿಲ್ಲೋಕೆ ಹೋಗುವವರು ಅವರೇ.

ಕಾರಟಗಿ_ಅಮ್ಮ:
ಸರಿ ಬಿಡಿ ಹಾಗಾದ್ರೆ. ಈ ವರ್ಷ ಅವನಿಗೆ ವೇವ್ ಪೂಲ್ ಸಾಕು. ಮುಂದಿನ ವರ್ಷ ಗೋಡೆಗೆ ನಿಲ್ಲಿಸಿ ಬರಿಗಾಲಲ್ಲಿ ಅಳೆದು ಕರ್ಕೊಂಡು ಹೋಗ್ತೀನಿ.